ಗುಲಾಬಿ ತಲೆಯ ಬಾತು ಮತ್ತು ಸಲೀಂ ಅಲಿ

ಕಾರ್ತಿಕ ಕಳೆದು ಚಳಿ ಮೊದಲಾಯಿತೆಂದರೆ ನಮ್ಮ ಬಳ್ಳಾರಿ ಸೀಮೆಯ ಕೆರೆಗಳಿಗೆ ಹಿಮಾಲಯದ ಆಚೆಯಿಂದ ಅತಿಥಿಗಳು ಬಂದಿಳಿಯುತ್ತಾರೆ. ದರೋಜಿಯ ಕೆರೆ, ತುಂಗಭದ್ರಾ ಜಲಾಶಯದ ಹಿನ್ನೀರು, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಅಂಕಸಮುದ್ರ, ಕಾಲುವೆಯ ನೀರು ಹರಿಯುವ ಸಿರುಗುಪ್ಪದ ಭತ್ತದ ಗದ್ದೆಗಳು, ಇವೆಲ್ಲ ಕಾಡುಬಾತುಗಳ ಬಿಡಾರಗಳು. ಪಾರ್ವತಿನಗರದ ನಮ್ಮ ಬೀದಿಯಲ್ಲಿ ಬಾತು ಎಂದರೆ ಬಿಳಿಯ ಸಾಕುಬಾತು ಒಂದೇ. ಊರ ಹೊರಗೆ ನಾಲ್ಕು ಹರಿದಾರಿ ಹೋದರೆ ಸೂಜಿಬಾಲದ್ದು, ಚಮಚದಂತಹ ಕೊಕ್ಕಿನದು, ಕೊಕ್ಕಿನ ತುದಿಯಲ್ಲಿ ಹಳದಿ ಬೊಟ್ಟಿರುವುದು, ಹೀಗೆ ಹತ್ತಾರು ಜಾತಿ. ಈ ಗುಂಪಿನ ನಡುವೆ ಪರಿಚಯವಿಲ್ಲದ ಒಂದು ಬಾತು ಕಂಡರೆ ಅದು ಯಾವುದೆಂದು ಹೇಳುವುದು ಹೇಗೆ? ಪ್ರಶ್ನೆ ಚಿಕ್ಕದಾಗಿ ತೋರಬಹುದು. ಆದರೆ ಒಂದು ಜಾತಿಯ ಬಾತು ಭೂಮಿಯ ಮೇಲೆ ಉಳಿದಿದೆಯೋ ಅಳಿದಿದೆಯೋ ಎಂಬ ತೀರ್ಮಾನವೇ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿರುವುದುಂಟು. ಇಂತಹ ಪ್ರಶ್ನೆಗಳಿಗಾಗಿ ತಮ್ಮ ದೀರ್ಘಾಯುಷ್ಯವನ್ನೆಲ್ಲ ಸವೆಸಿದ ಡಾಕ್ಟರ್ ಸಲೀಂ ಅಲಿಯವರ ಜೀವನವನ್ನು ನಮ್ಮ ಕಾಲೇಜಿನ ಮಿತ್ರರ ಮುಂದೆ ಇಡಬೇಕೆಂಬುದು ನನ್ನ ಆಸೆ.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮನೆಯ ಕೊನೆಯ ಮಗು. ಮೂರು ವರ್ಷ ತುಂಬುವುದರೊಳಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಆ ಮಗುವನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರು ತಮ್ಮ ಮನೆಯಲ್ಲಿ ಸಾಕಿದರು. ಮಾವನವರಿಗೆ ಬೇಟೆಯ ಹವ್ಯಾಸ. ಹುಡುಗನ ಕೈಗೂ ಒಂದು ಆಟದ ಏರ್‌ಗನ್ ಬಂದಿತು. ಒಂದು ದಿನ ಅವನು ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿಯ ಒಂದು ಮಚ್ಚೆ ಇದ್ದಿತು. ಮನೆಯ ಗುಬ್ಬಿಗೆ ಅದಿಲ್ಲ. ಪರಿಚಯವಿಲ್ಲದ ಈ ಹಕ್ಕಿಯನ್ನು ತಿನ್ನುವುದು ಧರ್ಮಸಮ್ಮತವೇ ಎಂಬ ಸಂದೇಹ ಹುಡುಗನಿಗೆ ಬಂದು ಮಾವನ ಮುಂದೆ ಹಿಡಿದನು. ಮಾವನಿಗೂ ಹೆಸರು ತಿಳಿಯಲಿಲ್ಲ. ಆದರೆ ಅವರು ಏನೋ ಒಂದು ಹೆಸರು ಹೇಳಿ ಹುಡುಗನನ್ನು ಸಾಗಹಾಕಲಿಲ್ಲ. ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಮಿಲ್ಲರ್ಡ್ ಎಂಬುವರಿಗೆ ಚೀಟಿ ಕೊಟ್ಟು ಕಳುಹಿಸಿದರು. ಹಿರಿಯರು ನಡೆದುಕೊಳ್ಳಬೇಕಾದುದು ಹೀಗೆಂದು ನನಗೆ ಅನಿಸುತ್ತದೆ.

ಆ ದೊರೆ ಹುಡುಗನನ್ನು ಒಳಗೆ ಕರೆದು, ಬೀರುವಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಹತ್ತಿ ತುಂಬಿ ಸಾಲಾಗಿ ಮಲಗಿಸಿದ್ದ ಗುಬ್ಬಿಗಳನ್ನು ತೋರಿಸಿದರು. ಹುಡುಗನ ಕೈಯಲ್ಲಿದ್ದುದು ಹಳದಿ ಕೊರಳಿನ ಗುಬ್ಬಿ ಎಂದು ಅಲ್ಲಿಯೇ ಹೋಲಿಸಿ ನಿಶ್ಚಯವಾಯಿತು. ಹಕ್ಕಿಗಳ ವಿಷಯದಲ್ಲಿ ಒಂದು ಶಾಸ್ತ್ರವಿದೆ, ಪುಸ್ತಕಗಳಿವೆ, ಹೋಲಿಸಿ ನೋಡುವ ಕ್ರಮವಿದೆ ಎಂಬುದು ಸುಮಾರು ಹತ್ತು ಹನ್ನೆರಡು ವರ್ಷದ ಆ ಬಾಲಕನಿಗೆ ಆ ದಿನ ತಿಳಿಯಿತು. ಮುಂದೆ ಎಪ್ಪತ್ತು ಎಂಬತ್ತು ವರ್ಷ ಅವರು ಆ ಸೆಳೆಖಾನೆಗಳಿಂದ ದೂರವಾಗಲಿಲ್ಲ.

ಓದಿನಲ್ಲಿ ಅವರದು ಮೆರೆಯುವಂತಹ ದಾಖಲೆಯಲ್ಲ. ತಲೆನೋವಿನ ಕಾಟದಿಂದ ಶಾಲೆ ಬಿಟ್ಟು ಹವೆ ಬದಲಾವಣೆಗೆ ಸಿಂಧ್ ಪ್ರಾಂತಕ್ಕೆ ಹೋಗಬೇಕಾಯಿತು. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಹೇಗೋ ದಾಟಿದರು. ಆಮೇಲೆ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ಹೋದರು. ಲೆಕ್ಕದ ಪುಸ್ತಕಕ್ಕಿಂತ ಅಲ್ಲಿಯ ಕಾಡಿನ ಹಕ್ಕಿಗಳೇ ಅವರಿಗೆ ಹೆಚ್ಚಾದುವೆಂದು ಬೇರೆ ಹೇಳಬೇಕಾಗಿಲ್ಲ. 1918ರಲ್ಲಿ ತೆಹ್ಮಿನಾ ಎಂಬ ಸುಶಿಕ್ಷಿತೆಯೊಡನೆ ವಿವಾಹವಾಯಿತು. ವ್ಯಾಪಾರ ಕೈಹಿಡಿಯಲಿಲ್ಲ, 1923ರ ಹೊತ್ತಿಗೆ ಬರ್ಮಾ ಬಿಟ್ಟು ಮುಂಬಯಿಗೆ ಮರಳಿದರು.

ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿಶಾಸ್ತ್ರಜ್ಞರ ಹುದ್ದೆಯೊಂದು ಖಾಲಿಯಿದ್ದಿತು. ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಸಲೀಂ ಅಲಿಯವರಿಗೆ ಅದು ದೊರೆಯಲಿಲ್ಲ. ಪದವಿಗಾಗಿಯೇ ಇಲ್ಲಿ ಸೇರಿರುವ ನಾವೆಲ್ಲ ಈ ಸಂಗತಿಯನ್ನು ಓದಿ ಒಂದು ಕ್ಷಣ ನಗಬಹುದು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ನೋಡಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕನ ಕೆಲಸ ಸಿಕ್ಕಿತು. ಎರಡು ವರ್ಷದಲ್ಲಿ ಅದು ಬೇಸರವಾಗಿ, ರಜೆ ಪಡೆದು ಜರ್ಮನಿಗೆ ಹೊರಟರು. ಬರ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರೊಫೆಸರ್ ಸ್ಟ್ರೆಸೆಮಾನ್ ಅವರ ಬಳಿ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಬಿಡುವುದನ್ನು ಕಂಡರು. ಸ್ಟ್ರೆಸೆಮಾನ್ ಅವರನ್ನು ಕೊನೆಯವರೆಗೂ ಗುರುವೆಂದೇ ಭಾವಿಸಿದ್ದರು. 1930ರಲ್ಲಿ ಹಿಂದಿರುಗಿದಾಗ ಮುಂಬಯಿಯ ಆ ಕೆಲಸವೇ ರದ್ದಾಗಿತ್ತು. ಸಂಸಾರ ಸಮುದ್ರತೀರದ ಕಿಹೀಮ್ ಹಳ್ಳಿಯ ಮನೆಗೆ ಸರಿಯಿತು. ಅಲ್ಲಿ ಮನೆಯ ಹತ್ತಿರವೇ ಗೀಜಗಗಳು ಗೂಡು ನೇಯುತ್ತಿದ್ದವು. ಕೆಲಸವಿಲ್ಲದ ಮನುಷ್ಯ ಆ ಗೂಡುಗಳ ಕೆಳಗೆ ಕುಳಿತು ತಿಂಗಳುಗಟ್ಟಲೆ ನೋಡಿದರು. ಗೀಜಗದ ಸಂಸಾರ ನಡೆಯುವ ರೀತಿಯನ್ನು ಅವರು ಬರೆದ ಲೇಖನವೇ ಅವರಿಗೆ ವಿದ್ವಾಂಸರ ನಡುವೆ ಹೆಸರು ತಂದುದು.

ಇದೇ ಸುಮಾರಿನ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹ್ಯೂ ವಿಸ್ಲರ್ ಎಂಬ ಆಂಗ್ಲ ವಿದ್ವಾಂಸರು ಭಾರತದ ಹಕ್ಕಿಗಳ ವಿಷಯದಲ್ಲಿ ದೊಡ್ಡ ಅಧಿಕಾರಿಗಳೆನಿಸಿದ್ದರು. ಭೀಮರಾಜ ಪಕ್ಷಿಯ ಬಾಲದಿಂದ ಎರಡು ಉದ್ದನೆಯ ತಂತಿಗಳು ಹೊರಟು ಅವುಗಳ ತುದಿಯಲ್ಲಿ ಮಾತ್ರ ಗರಿಯ ಹಲಗೆ ಇರುತ್ತದಷ್ಟೆ. ಆ ಹಲಗೆಯ ಒಳಬದಿಯಲ್ಲಿ ಎಳೆಗಳಿಲ್ಲವೆಂದು ವಿಸ್ಲರ್ ಅವರು 1929ರಲ್ಲಿ ಬರೆದರು. ಹಿಂದಿನ ಗ್ರಂಥಗಳಲ್ಲಿಯೂ ಹಾಗೆಯೇ ಇದ್ದಿತು. ಸಲೀಂ ಅಲಿಯವರು ಗರಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಗರಿಯ ದಂಟು ತುದಿಯ ಹತ್ತಿರ ತಿರುಚಿಕೊಂಡಿದೆ; ಆ ತಿರುಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದುದರಿಂದ ಒಳಬದಿ ಯಾವುದು, ಹೊರಬದಿ ಯಾವುದು ಎಂಬುದೇ ಗ್ರಂಥಗಳಲ್ಲಿ ಅದಲುಬದಲಾಗಿತ್ತು. ಇದನ್ನು ಅವರು ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹೆಸರಿಲ್ಲದ ಭಾರತೀಯನೊಬ್ಬ ತಮ್ಮ ತಪ್ಪನ್ನು ಎತ್ತಿ ಹಿಡಿದನೆಂದು ವಿಸ್ಲರ್ ಮೊದಲು ಕೆರಳಿ ಸಂಪಾದಕರಿಗೆ ಬಿರುಸಾದ ಪತ್ರಗಳನ್ನು ಬರೆದರು. ಆದರೆ ಅವರೂ ಸತ್ಯಕ್ಕೆ ತಲೆಬಾಗುವ ಮನುಷ್ಯ. ತಮ್ಮ ಸಂಗ್ರಹದ ಗರಿಗಳನ್ನು ಮತ್ತೆ ತೆಗೆದು ನೋಡಿದರು, ಒಪ್ಪಿಕೊಂಡರು, ಮುಂದೆ ಸಲೀಂ ಅಲಿಯವರ ಆಪ್ತ ಮಿತ್ರರಾದರು. ಮುಂದಿನ ಪ್ರಾಂತೀಯ ಸಮೀಕ್ಷೆಗಳಲ್ಲಿ ಅವರಿಬ್ಬರ ಹೆಸರೂ ಜೊತೆಯಾಗಿ ಕಾಣುತ್ತವೆ.

ಆ ಸಮೀಕ್ಷೆಗಳೇ ಸಲೀಂ ಅಲಿಯವರ ಮಧ್ಯವಯಸ್ಸಿನ ಉದ್ಯೋಗ. ಸಂಬಳವಿಲ್ಲ, ಪ್ರಯಾಣದ ಖರ್ಚನ್ನು ಸಂಸ್ಥಾನದವರು ಕೊಟ್ಟರೆ ತಮ್ಮ ದುಡಿಮೆಯನ್ನು ಪುಕ್ಕಟೆಯಾಗಿ ಕೊಡುವುದು, ಇದು ಅವರು ಮಾಡಿಕೊಂಡ ಏರ್ಪಾಡು. 1931-32ರಲ್ಲಿ ಹೈದರಾಬಾದು ಸಂಸ್ಥಾನ, 1933ರಲ್ಲಿ ತಿರುವಾಂಕೂರು ಕೊಚ್ಚಿಗಳು, 1939-40ರಲ್ಲಿ ನಮ್ಮ ಮೈಸೂರು. ಎತ್ತಿನ ಗಾಡಿ, ಪ್ರವಾಸಿ ಬಂಗಲೆ, ಡೇರೆ. ಈ ಅಲೆದಾಟದಲ್ಲಿ ತೆಹ್ಮಿನಾ ಅವರು ಜೊತೆಗಿದ್ದು ಬಿಡಾರ ನಡೆಸುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಆ ದುಃಖ ಹಸಿಯಾಗಿದ್ದಾಗಲೇ ಮೈಸೂರಿನ ಸಮೀಕ್ಷೆ ನಡೆಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಅವರು ಕಂಡು ಮಹಾರಾಜರ ಸರ್ಕಾರಕ್ಕೆ ತಿಳಿಯಪಡಿಸಿದುದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮೈಸೂರಿನ ಹಕ್ಕಿಗಳ ವರದಿ 1942ರಿಂದ ಪ್ರಕಟವಾಯಿತು.

ಇಲ್ಲಿ ಬಳ್ಳಾರಿಯವನಾದ ನಾನು ಒಂದು ಮಾತನ್ನು ಸೇರಿಸಲೇಬೇಕು. ತುಂಗಭದ್ರೆಯ ಆಚೆಯ ದಡ ಹೈದರಾಬಾದಿನದು, ದಕ್ಷಿಣಕ್ಕೆ ಚಿತ್ರದುರ್ಗ ಮೈಸೂರಿನದು; ಎರಡೂ ಸಮೀಕ್ಷೆಗೆ ಒಳಪಟ್ಟವು. ನಡುವಿನ ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತದ್ದು. ಅದು ಮೈಸೂರಿಗೆ ಸೇರಿದುದು 1953ರ ಅಕ್ಟೋಬರ್ 1ರಂದು. ಹೀಗಾಗಿ ಆ ಎರಡು ಪ್ರಸಿದ್ಧ ವರದಿಗಳ ನಡುವಿನ ಸಂದಿನಲ್ಲಿ ನಮ್ಮ ಕೆರೆಗಳು ಬಿದ್ದುಹೋದವು. ತುಂಗಭದ್ರಾ ಅಣೆಕಟ್ಟಿನ ನೀರು ನಿಂತು ಹೊಸ ಜಲಪಕ್ಷಿಗಳ ನೆಲೆ ಹುಟ್ಟಿದುದೂ ಆಮೇಲಿನ ಮಾತು.

ಸಲೀಂ ಅಲಿಯವರು ಕೋವಿ ಹಿಡಿದವರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಕಾಲದಲ್ಲಿ ಹೊಸ ಹಕ್ಕಿ ಎಂದರೆ ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಸಂಗ್ರಹಕ್ಕೆ ಸೇರಿಸಿದ ಹಕ್ಕಿ. ನಮೂನೆ ಕೈಯಲ್ಲಿಲ್ಲದೆ ಹೆಸರು ಹೇಳಿದರೆ ಪಂಡಿತರು ಒಪ್ಪುತ್ತಿರಲಿಲ್ಲ. ನನಗೆ ಇದು ಹಿತವೆನಿಸುವುದಿಲ್ಲ. ಆದರೆ ಶಾಸ್ತ್ರಕ್ಕಾಗಿ ಒಂದು ಹಕ್ಕಿಯನ್ನು ಹೊಡೆಯುವುದಕ್ಕೂ ಮೋಜಿಗಾಗಿ ಹೊಡೆಯುವುದಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ಭರತಪುರವನ್ನು ನೋಡಬೇಕು. ಅಲ್ಲಿಯ ಜೌಗುಭೂಮಿ ಮಹಾರಾಜರ ಬಾತುಬೇಟೆಯ ತಾಣವಾಗಿತ್ತು. ವೈಸರಾಯ್ ಲಿನ್‌ಲಿತ್‌ಗೋ ಅವರ ಕೂಟ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಉರುಳಿಸಿತೆಂದು ಅಲ್ಲಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ತಾರೀಖು 1938ರ ನವೆಂಬರ್ 12. ಸಲೀಂ ಅಲಿಯವರಿಗೆ 42 ವರ್ಷ ತುಂಬಿದ ದಿನ! ಅದೇ ಜೌಗಿನಲ್ಲಿ ಮುಂದೆ ಅವರು ಬಲೆಯೊಡ್ಡಿ ಬಾತುಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಹಾರಿಬಿಟ್ಟರು. ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡು, ಅದು ಸೈಬೀರಿಯಾದ ಒಂದು ರೋಗವನ್ನು ಹೋಲುತ್ತದೆಂದು ತಿಳಿದಾಗ, ವಲಸೆಯ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತರುತ್ತವೆಯೇ ಎಂಬ ಶೋಧನೆಗೆ ಈ ಬಳೆ ತೊಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬಳೆಯ ಮೇಲೆ ಸಂಖ್ಯೆ ಇರುವುದರಿಂದ ಸಾವಿರಾರು ಮೈಲು ಆಚೆ ಸಿಕ್ಕ ಬಾತು ಇಂತಹುದೇ ಎಂದು ನಿಸ್ಸಂದೇಹವಾಗಿ ಹೇಳಬಹುದು. ಕೊಲ್ಲದೆ ಗುರುತಿಸುವ ವಿದ್ಯೆ ಇದು.

ಈಗ ಗುಲಾಬಿ ತಲೆಯ ಬಾತಿನ ವಿಷಯಕ್ಕೆ ಬರುತ್ತೇನೆ. ಇದು ಉತ್ತರ ಬಿಹಾರ, ಬಂಗಾಳ, ಅಸ್ಸಾಂ, ಬರ್ಮಾಗಳ ಎತ್ತರವಾದ ಹುಲ್ಲು ಬೆಳೆದ ಜೌಗುಗಳಲ್ಲಿ ಮರೆಯಾಗಿ ಬಾಳುತ್ತಿದ್ದ ಹಕ್ಕಿ. ಗಂಡಿನ ಮೈ ಚಾಕೊಲೇಟಿನಂತೆ ಕಡುಕಂದು, ತಲೆಯೂ ಕತ್ತಿನ ಹಿಂಭಾಗವೂ ಅಚ್ಚ ಗುಲಾಬಿ, ಕೊಕ್ಕೂ ಗುಲಾಬಿಯೇ. ಮೊಟ್ಟೆಗಳು ಚೆಂಡಿನಂತೆ ದುಂಡಗೆ. 1790ರಲ್ಲಿ ಲೇಥಮ್ ಎಂಬ ಇಂಗ್ಲಿಷ್ ವಿದ್ವಾಂಸರು ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದರು. ಆಗಲೂ ಅದು ಹೇರಳವಾಗಿರಲಿಲ್ಲ. ಜೌಗುಗಳು ಗದ್ದೆಗಳಾದಂತೆ, ಬೇಟೆಯ ಕೋವಿಗಳು ಹೆಚ್ಚಿದಂತೆ ಅದು ಕಾಣದಾಯಿತು. ಸಂದೇಹವಿಲ್ಲದ ಕೊನೆಯ ದಾಖಲೆ 1935ರ ಜೂನ್ ತಿಂಗಳಿನದು, ಬಿಹಾರದ ದರ್ಭಾಂಗಾ ಪ್ರಾಂತದ್ದು ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಇಂಗ್ಲೆಂಡು, ಫ್ರಾನ್ಸುಗಳ ಶ್ರೀಮಂತರ ತೋಟಗಳಲ್ಲಿ ಸಾಕಿದ್ದ ಕೆಲವು ಮಾತ್ರ ಇನ್ನೂ ಕೆಲವು ಕಾಲ ಬದುಕಿದ್ದವು. ಅಲ್ಲಿ ಅವು ಮರಿ ಮಾಡಲಿಲ್ಲ.

ಅಲ್ಲಿಂದ ಮುಂದೆ ಕಂಡೆವೆಂದು ಹೇಳುವವರ ಸಾಲು ಹತ್ತಿತು. ಬೇಟೆಗಾರರು, ಅಧಿಕಾರಿಗಳು, ಸಾಮಾನ್ಯ ಪ್ರವಾಸಿಗಳು. ಇವರಾರೂ ಸುಳ್ಳುಗಾರರಲ್ಲ. ಆದರೆ ಭಾರತಕ್ಕೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಇನ್ನೊಂದು ಬಾತಿದೆ, ಕೆಂಪು ಜುಟ್ಟಿನದು. ಅದರ ಗಂಡಿನ ತಲೆ ಉಬ್ಬಿದ್ದು, ಇಟ್ಟಿಗೆಗೂ ಕಿತ್ತಳೆಗೂ ನಡುವಿನ ಬಣ್ಣ, ಕೊಕ್ಕು ಕಡುಕೆಂಪು. ಸೂರ್ಯೋದಯದ ಓರೆ ಬೆಳಕಿನಲ್ಲಿ, ಅರ್ಧ ಮೈಲಿ ದೂರದ ನೀರಿನ ಮೇಲೆ, ಆ ತಲೆ ಗುಲಾಬಿಯಾಗಿ ತೋರಬಾರದೇಕೆ? ಅದರಲ್ಲೂ ನೋಡುವವನ ಮನಸ್ಸಿನಲ್ಲಿ ಗುಲಾಬಿ ತಲೆಯ ಬಾತು ಮೊದಲೇ ಕುಳಿತಿದ್ದರೆ ಕೇಳಬೇಕೆ!

ಸಲೀಂ ಅಲಿಯವರು 1960ರಲ್ಲಿ ಇಂಗ್ಲೆಂಡಿನ ವೈಲ್ಡ್‌ಫೌಲ್ ಟ್ರಸ್ಟಿನ ವಾರ್ಷಿಕ ವರದಿಗೆ ಈ ಬಾತಿನ ಬಗ್ಗೆಯೇ ಒಂದು ಲೇಖನ ಬರೆದರು. ಪಕ್ಷಿಪ್ರಿಯನಾದವನಿಗೆ, ಅಳಿದ ಹಕ್ಕಿ ಮತ್ತೆ ಸಿಕ್ಕಿತೆನ್ನುವುದಕ್ಕಿಂತ ಸವಿಯಾದ ವಾರ್ತೆ ಮತ್ತೊಂದಿಲ್ಲ. ಅಂತಹ ವಾರ್ತೆಯನ್ನು ಸಾಕ್ಷ್ಯವಿಲ್ಲದೆ ಒಪ್ಪದಿರುವುದು ಸುಲಭವಲ್ಲ. ಒಪ್ಪಿದ್ದರೆ ಹುಡುಕುವವರೂ ಜೌಗನ್ನು ಕಾಯಬೇಕಾದವರೂ ಹಕ್ಕಿ ಇನ್ನೂ ಇದೆಯಲ್ಲಾ ಎಂದು ಸುಮ್ಮನಾಗುತ್ತಿದ್ದರು. ತಪ್ಪು ಹೆಸರಿನಿಂದ ಹಕ್ಕಿಗೆ ಆಗುವ ಕೇಡು ಇದು. ತಿರುಗಿಸಿ ಹೇಳಿದರೆ, ಇರುವ ಹಕ್ಕಿಯನ್ನು ಇಲ್ಲವೆಂದು ಅವಸರದಿಂದ ಬರೆದುಬಿಡುವುದೂ ಕೇಡೇ.

ಎರಡಕ್ಕೂ ಭೇದವನ್ನು ಹೇಗೆ ತಿಳಿಯಬೇಕು? ಬಣ್ಣವನ್ನು ಕೊನೆಗೆ ನೋಡಬೇಕು. ಮೊದಲು ಆಕಾರ: ಗುಲಾಬಿ ತಲೆಯದು ಕತ್ತನ್ನು ಕೋಲಿನಂತೆ ಸೆಟೆಸಿ ಹಿಡಿಯುತ್ತಿದ್ದ ಉದ್ದಕತ್ತಿನ ಹಕ್ಕಿ; ಕೆಂಪು ಜುಟ್ಟಿನದು ಗುಂಡುತಲೆಯ, ಗಿಡ್ಡ ಕತ್ತಿನ ಹಕ್ಕಿ. ಆಮೇಲೆ ಮೈ: ಮೊದಲನೆಯದರ ಪಕ್ಕೆ ಕಂದು, ಎರಡನೆಯದರ ಗಂಡಿಗೆ ಎದೆ ಕಪ್ಪು, ಪಕ್ಕೆ ಬಿಳಿ. ಎಲ್ಲಕ್ಕಿಂತ ನಿಶ್ಚಿತವಾದುದು ರೆಕ್ಕೆ. ಕೆಂಪು ಜುಟ್ಟಿನ ಬಾತು ಹಾರಿದೊಡನೆ ರೆಕ್ಕೆಯ ಉದ್ದಕ್ಕೂ ಅಗಲವಾದ ಬಿಳಿಯ ಪಟ್ಟೆ ತೆರೆದುಕೊಳ್ಳುತ್ತದೆ, ಹೆಣ್ಣಿಗೂ ಅದುಂಟು. ಗುಲಾಬಿ ತಲೆಯದಕ್ಕೆ ಅಂತಹ ಪಟ್ಟೆಯಿಲ್ಲ, ರೆಕ್ಕೆಯ ಅಡಿಭಾಗ ಮಾತ್ರ ತೆಳುಗುಲಾಬಿ. ಆದುದರಿಂದ ಹಕ್ಕಿ ಏಳುವ ತನಕ ಕಾಯಬೇಕು. ಇನ್ನೊಂದು: ಗುಂಪಿನಲ್ಲಿ ವಿಚಿತ್ರ ಬಣ್ಣದ ಬಾತು ಕಂಡರೆ ಮೊದಲ ಸಂದೇಹ ಸಾಕುಬಾತಿನ ಮೇಲೆಯೇ ಹೋಗಬೇಕು. ಕೊಯಿಲಾದ ಗದ್ದೆಗಳಲ್ಲಿ ಸಾಕುಬಾತಿನ ಹಿಂಡುಗಳನ್ನು ಮೇಯಿಸುವುದನ್ನು ನಾವು ನೋಡಿದ್ದೇವೆ. ತಪ್ಪಿಸಿಕೊಂಡ ಒಂದೆರಡು ಕಾಡಿನವುಗಳ ಜೊತೆ ಸೇರುವುದು ಅಸಾಧ್ಯವಲ್ಲ.

ಎರಡು ವರ್ಷಗಳ ಹಿಂದೆ ಪುಷ್ಯಮಾಸದಲ್ಲಿ ನಾವು ನಾಲ್ವರು ಸಹಪಾಠಿಗಳು ದರೋಜಿ ಕೆರೆಗೆ ಹೋಗಿದ್ದೆವು. ಎರವಲು ತಂದ ಒಂದು ದುರ್ಬೀನು, ಒಂದು ನೋಟುಬುಕ್ಕು. ಬೊಟ್ಟುಕೊಕ್ಕಿನ ಬಾತುಗಳ ನಡುವೆ ಕಂದುಬಣ್ಣದ, ಕೆನ್ನೆ ಮಾತ್ರ ಬೆಳ್ಳಗಿರುವ ಒಂದು ಬಾತು ಪಕ್ಕಕ್ಕೆ ಸರಿದು ಈಜುತ್ತಿತ್ತು. ಬಿಸಿಲು ಎದುರಿಗಿದ್ದಿತು. ಮಿತ್ರನೊಬ್ಬ ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ, ತಲೆಯಲ್ಲಿ ಗುಲಾಬಿಯ ಛಾಯೆ ಇದೆಯೆಂದು ಹಟ ಹಿಡಿದನು. ಏರಿಯ ಕೆಳಗೆ ಎಮ್ಮೆ ಮೇಯಿಸುತ್ತಿದ್ದ ತಾತನೊಬ್ಬರು ನಮ್ಮ ವಾದವನ್ನು ಕೇಳಿ ಹತ್ತಿರ ಬಂದರು. ಬಣ್ಣದ ಮಾತು ಅವರಿಗೆ ಬೇಕಿರಲಿಲ್ಲ. ಉಳಿದವು ಬಾಲ ಮೇಲಕ್ಕೆತ್ತಿ ತಲೆಯನ್ನಷ್ಟೇ ಅದ್ದುತ್ತವೆ, ಅದೊಂದು ಮಾತ್ರ ಪೂರ್ತಿ ಮುಳುಗಿ ಏಳುತ್ತದೆ, ನೋಡಿರಪ್ಪಾ ಎಂದು ತಿಳಿಸಿದರು. ನಾವು ಅರ್ಧ ಗಂಟೆಯಿಂದ ದುರ್ಬೀನಿನಲ್ಲಿ ನೋಡುತ್ತಿದ್ದುದನ್ನು ಅವರು ಬರಿಗಣ್ಣಿನಲ್ಲಿ ಗಮನಿಸಿದ್ದರು. ಎಮ್ಮೆಗಳು ನೀರಿಗೆ ಇಳಿದವು, ಹಿಂಡು ಎದ್ದಿತು, ಆ ಹಕ್ಕಿಯ ರೆಕ್ಕೆಯಲ್ಲಿ ಬಿಳಿಯ ಪಟ್ಟೆ ಸ್ಪಷ್ಟವಾಗಿ ಕಂಡಿತು. ಗುಲಾಬಿ ತಲೆಯದಂತೂ ಅಲ್ಲವೆಂದು ಅಲ್ಲಿಗೆ ಇತ್ಯರ್ಥವಾಯಿತು. ಕೆಂಪು ಜುಟ್ಟಿನದರ ಹೆಣ್ಣೇ ಇರಬಹುದೆಂದು ತೋರಿದರೂ ಬೆಳಕು ಎದುರಾಗಿದ್ದುದರಿಂದ ಹೆಸರಿನ ಮುಂದೆ ಪ್ರಶ್ನೆಯ ಚಿಹ್ನೆ ಹಾಕಿ, ದಿನ, ಗಂಟೆ, ಕಂಡ ಲಕ್ಷಣ ಬರೆದುಕೊಂಡೆವು. ಮಿತ್ರನಿಗೆ ನಿರಾಸೆಯಾಯಿತು. ತಾತನವರು ಬೀಡಿ ಹಚ್ಚಿ ಎಮ್ಮೆಗಳ ಕಡೆ ನಡೆದರು.

ಸಲೀಂ ಅಲಿಯವರು ಸಂದೇಹಿಗಳು ಮಾತ್ರವಾಗಿದ್ದರೆ ಅವರ ಬಗ್ಗೆ ಇಷ್ಟು ಬರೆಯುತ್ತಿರಲಿಲ್ಲ. ಹುಡುಕುವುದನ್ನೂ ಅವರು ಬಿಡಲಿಲ್ಲ. ಹಿಮಾಲಯದ ತಪ್ಪಲಿನಲ್ಲಿ ಒಂದು ಕಾಲಕ್ಕೆ ಸಿಕ್ಕಿ ಮರೆಯಾಗಿದ್ದ ಫಿನ್ನನ ಗೀಜಗವನ್ನು 1930ರ ದಶಕದಲ್ಲಿಯೇ ಅರಸಿಕೊಂಡು ಹೋಗಿದ್ದರು. ಕಡೆಗೆ 1959ರಲ್ಲಿ ಕುಮಾವೂನಿನ ತರಾಯಿಯಲ್ಲಿ ಅದು ದೊರೆಯಿತು. ಹಿಮಾಲಯದ ಲಾವುಗೆಯನ್ನು ಅದೇ ಆಸೆಯಿಂದ ಹುಡುಕಿದರು. ಅದು ದೊರೆಯಲಿಲ್ಲ, ದೊರೆಯಲಿಲ್ಲವೆಂದೇ ಬರೆದರು.

ಉಳಿದುದನ್ನು ಬೇಗ ಹೇಳಿ ಮುಗಿಸಬಹುದು. 1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಇಂದಿಗೂ ಹೊಸಬರ ಕೈಪಿಡಿಯಾಗಿದೆ. ಅಮೆರಿಕೆಯ ಡಿಲ್ಲನ್ ರಿಪ್ಲಿಯವರ ಜೊತೆಗೂಡಿ 1968ರಿಂದ 1974ರವರೆಗೆ ಹತ್ತು ಸಂಪುಟಗಳ ಮಹಾಗ್ರಂಥವನ್ನು ಹೊರತಂದರು. ಮೊದಲ ಸಂಪುಟ ಹೊರಬಂದಾಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಅದೇ ವರ್ಷ ಬಂದ ಪಾಲ್ ಗೆಟ್ಟಿ ಪಾರಿತೋಷಕದ ಹಣದಿಂದ ಪ್ರಕೃತಿ ಸಂರಕ್ಷಣೆಗೆ ಒಂದು ನಿಧಿಯನ್ನು ಏರ್ಪಡಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಪ್ರಕಟವಾಯಿತು. ಅದರ ಹೆಸರಿನಲ್ಲಿಯೂ ಬಾಲ್ಯದ ಆ ಗುಬ್ಬಿ ಇದೆ. ಭರತಪುರದ ಜೌಗು ರಾಷ್ಟ್ರೀಯ ಉದ್ಯಾನವಾಗಿ, ಬೇಟೆಯ ಕೋವಿಗಳು ಮೌನವಾದುದನ್ನು ಅವರು ಕಣ್ಣಾರೆ ಕಂಡರು.

1986ರ ಜನವರಿಯಲ್ಲಿ ನಮ್ಮ ನೆರೆಯ ಕಡಪ ಜಿಲ್ಲೆಯಿಂದ ಒಂದು ವಾರ್ತೆ ಬಂದಿತು. ಬಳ್ಳಾರಿ, ಅನಂತಪುರ, ಕಡಪಗಳು ಹಿಂದೆ ಒಟ್ಟಾಗಿ ದತ್ತಮಂಡಲವೆನಿಸಿದ್ದುವಷ್ಟೆ. ಆ ಕುರುಚಲು ಕಾಡಿನಲ್ಲಿ ರಾತ್ರಿಯ ವೇಳೆ ಓಡಾಡುವ, ಜೆರ್ಡನ್ ಎಂಬ ಮದರಾಸಿನ ವೈದ್ಯರ ಹೆಸರು ಹೊತ್ತ ಒಂದು ನೆಲದ ಹಕ್ಕಿ 1900ರ ನಂತರ ಯಾರಿಗೂ ಕಂಡಿರಲಿಲ್ಲ. ಅಳಿಯಿತೆಂದೇ ಬಹಳ ಮಂದಿ ನಂಬಿದ್ದರು. ಸೊಸೈಟಿಯವರು ಹಳ್ಳಿಗರಿಗೆ ಅದರ ಚಿತ್ರ ತೋರಿಸಿ ವಿಚಾರಿಸುತ್ತ, ಅವರ ನೆರವಿನಿಂದಲೇ ಅದನ್ನು ಮತ್ತೆ ಕಂಡುಹಿಡಿದರು. ಈ ಸಲ ಹಕ್ಕಿ ಕೈಗೆ ಸಿಕ್ಕಿತ್ತು, ಸಂದೇಹಕ್ಕೆ ಎಡೆಯಿರಲಿಲ್ಲ. ಸಲೀಂ ಅಲಿಯವರಿಗೆ ಆಗ 89 ವರ್ಷ.

ಅವರು ತೀರಿಕೊಂಡುದು 1987ರ ಜೂನ್ 20ರಂದು ಮುಂಬಯಿಯಲ್ಲಿ. ಗುಲಾಬಿ ತಲೆಯ ಬಾತನ್ನು ಹುಡುಕುವವರು ಆಮೇಲೆಯೂ ಇದ್ದಾರೆ. 2017ರಲ್ಲಿ ಮ್ಯಾನ್ಮಾರಿನ ಇಂಡಾವ್‌ಜಿ ಸರೋವರದ ಸುತ್ತಿನ ಜೌಗುಗಳಲ್ಲಿ ಒಂದು ತಂಡ ಅದಕ್ಕಾಗಿಯೇ ದಿನಗಟ್ಟಲೆ ಅಲೆಯಿತು. ಬಾತು ಸಿಗಲಿಲ್ಲ. ಜಾಗತಿಕ ಪಟ್ಟಿಯಲ್ಲಿ ಅದರ ಹೆಸರನ್ನು ಇನ್ನೂ ಅಳಿದವುಗಳ ಸಾಲಿಗೆ ಹಾಕಿಲ್ಲ. ತೀವ್ರ ಅಪಾಯದಲ್ಲಿರುವ, ಬಹುಶಃ ಅಳಿದಿರುವ ಹಕ್ಕಿ ಎಂದೇ ಇಟ್ಟಿದ್ದಾರೆ.